ಅಜ್ಜಿ ಕಂಡರೆ ಮಲಗುವ ಲ್ಯಾಪ್‌ಟಾಪ್

ಹೋದ ತಿಂಗಳು ಒಂದು ಭಾನುವಾರ ಮೊಳಕಾಲ್ಮುರಿನಿಂದ ನಮ್ಮಕ್ಕನ ಮೊಮ್ಮಗಳು ಫೋನ್ ಮಾಡಿದಳು. ಎಂಟನೇ ತರಗತಿ ಓದುವ ಹುಡುಗಿ. ನನ್ನನ್ನು ಅವಳು ಕರೆಯುವುದು ‘ಚಳ್ಳಕೆರೆ ತಾತ’ ಎಂದು.

“ತಾತ, ನಮ್ಮ ಲ್ಯಾಪ್‌ಟಾಪಿಗೆ ಅಜ್ಜಿ ಕಂಡ್ರೆ ಭಯ ಅನ್ಸುತ್ತೆ. ಅಜ್ಜಿ ಬಂದು ಎದುರಿಗೆ ಕೂತ್ರೆ ಸಾಕು, ಮಲಗಿಬಿಡುತ್ತೆ.”

ನನಗೆ ನಗು ಬಂತು. ಚಿಕ್ಕವನಿದ್ದಾಗ ಅಕ್ಕ ಮಗ್ಗಿ ಒಪ್ಪಿಸು ಎಂದು ಬಂದರೆ ನಾನೂ ಹೀಗೇ ಕಣ್ಣು ಮುಚ್ಚಿ ಸುಳ್ಳುಗೊರಕೆ ಹೊಡೆಯುತ್ತಿದ್ದೆ. ಆದರೆ ಹುಡುಗಿಯ ದನಿಯಲ್ಲಿ ನಗುವಿರಲಿಲ್ಲ.

ಅಕ್ಕನ ನಡುಮನೆಯಲ್ಲಿ ಒಂದು ಗುಂಡಿ ಮಗ್ಗವಿದೆ. ಮೊದಲು ಭಾವ ನೇಯುತ್ತಿದ್ದರು, ಅವರು ಹೋದ ಮೇಲೆ ಅಕ್ಕನೇ ಗುಂಡಿಗೆ ಕಾಲು ಇಳಿಬಿಟ್ಟು ಕೂತಳು. ಮೊಳಕಾಲ್ಮುರು ರೇಷ್ಮೆ ಸೀರೆಯ ಹೆಸರನ್ನು ನಿಮ್ಮ ಅಜ್ಜಿಯರನ್ನು ಕೇಳಿ ನೋಡಿ ಮಕ್ಕಳೇ, ಪೆಟ್ಟಿಗೆ ತೆಗೆದು ತೋರಿಸಿದರೂ ತೋರಿಸಿಯಾರು. ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ಈಗ ಅಕ್ಕನ ಕಣ್ಣಿಗೆ ಪೊರೆ ಬಂದಿದೆ, ಮಣಿಕಟ್ಟು ನೋಯುತ್ತದೆ. ಮಗ್ಗ ಮೂರು ವರ್ಷದಿಂದ ಸುಮ್ಮನೆ ನಿಂತಿದೆ. ಅಕ್ಕನ ಮಗ ಅದನ್ನು ಬೇರೆಯವರಿಗೆ ಕೊಟ್ಟು, ಗುಂಡಿ ಮುಚ್ಚಿಸಿ ನೆಲ ಹಾಕಿಸಲು ತೀರ್ಮಾನಿಸಿದ್ದ. ಕೊಳ್ಳುವವರು ಮುಂದಿನ ಭಾನುವಾರ ಬರುವವರಿದ್ದರು.

ಅಷ್ಟರೊಳಗೆ ಅಜ್ಜಿ ನೇಯ್ಗೆಯ ಬಗ್ಗೆ ಹೇಳುವುದನ್ನೆಲ್ಲ ರೆಕಾರ್ಡ್ ಮಾಡಿಕೊಳ್ಳಬೇಕು ಎಂದು ಹುಡುಗಿ ಹೊರಟಿದ್ದಳು. ಹಳೆಯ ಸೀರೆಗಳ ಫೋಟೋಗಳನ್ನು ಒಂದೊಂದಾಗಿ ಲ್ಯಾಪ್‌ಟಾಪಿನ ಪರದೆಯ ಮೇಲೆ ದೊಡ್ಡದು ಮಾಡಿ ತೋರಿಸುವುದು, ಅಜ್ಜಿ ಬೆರಳಿಟ್ಟು ಹೇಳುವುದು, ಆ ದನಿಯನ್ನು ಅದೇ ಲ್ಯಾಪ್‌ಟಾಪ್ ಹಿಡಿದಿಡುವುದು. ಆದರೆ ಅಜ್ಜಿ ಎರಡು ಮಾತಾಡುವಷ್ಟರಲ್ಲಿ ಪರದೆ ಕಪ್ಪು. ಮತ್ತೆ ಎಬ್ಬಿಸಿ ಶುರು ಮಾಡಿದರೆ ಮತ್ತೆ ಕಪ್ಪು. ಎಪ್ಪತ್ತೆಂಟು ವರ್ಷದ ಅಕ್ಕನಿಗೆ ಎಲ್ಲಿಗೆ ನಿಲ್ಲಿಸಿದ್ದೆ ಎಂಬುದೇ ಮರೆತುಹೋಗುತ್ತಿತ್ತು. “ನಿನ್ನ ಡಬ್ಬಿಗೆ ನನ್ನ ಮಾತು ಬೇಡವಂತೆ ಕಣೇ” ಎಂದು ಎದ್ದು ಹೋದಳಂತೆ.

“ತಾತ, ವಿಕ್ರಮ್ ಲ್ಯಾಂಡರ್ ಥರ ಇದೂ ಒಂದಿನ ಏಳದೇ ಹೋದ್ರೆ?” ಎಂದು ಕೇಳಿದಳು ಹುಡುಗಿ.

ನಮ್ಮ ಕಡೆಯ ಮಕ್ಕಳಿಗೆ ಚಂದ್ರಯಾನ ಮನೆಯ ಸುದ್ದಿ ಇದ್ದ ಹಾಗೆ. ಚಳ್ಳಕೆರೆಯ ಹತ್ತಿರದ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೋದವರು ಚಂದ್ರನ ನೆಲದಲ್ಲಿರುವಂಥ ಕುಳಿಗಳನ್ನು ತೋಡಿಸಿ, ಮೇಲೆ ವಿಮಾನ ಹಾರಿಸಿ, ಚಂದ್ರಯಾನ-2ರ ಲ್ಯಾಂಡರಿನ ಸೆನ್ಸರುಗಳನ್ನು ಪರೀಕ್ಷೆ ಮಾಡಿದ್ದರು. ಅದು 2016ರಲ್ಲಿ. ಆಮೇಲೆ ಚಂದ್ರಯಾನ-3ರ ವಿಕ್ರಮ್ 2023ರ ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿಯಿತು. ಚಂದ್ರನಲ್ಲಿ ಹಗಲು ಹದಿನಾಲ್ಕು ದಿನ, ರಾತ್ರಿಯೂ ಹದಿನಾಲ್ಕು ದಿನ. ರಾತ್ರಿ ಬರುವ ಮೊದಲೇ ಸೆಪ್ಟೆಂಬರ್ 2ರಂದು ಪ್ರಜ್ಞಾನ್ ರೋವರನ್ನೂ 4ರಂದು ವಿಕ್ರಮನನ್ನೂ ವಿಜ್ಞಾನಿಗಳು ನಿದ್ದೆಗೆ ಕಳಿಸಿದರು. ಬ್ಯಾಟರಿ ತುಂಬಿತ್ತು, ಕರೆದರೆ ಕೇಳಿಸಿಕೊಳ್ಳುವ ರಿಸೀವರನ್ನು ಚಾಲೂ ಇಟ್ಟಿದ್ದರು. ಸೆಪ್ಟೆಂಬರ್ 22ರ ಹೊತ್ತಿಗೆ ಅಲ್ಲಿ ಬೆಳಕಾಯಿತು, ಕರೆದೂ ಕರೆದರು, ಎರಡೂ ಏಳಲಿಲ್ಲ. ಹಾಗೆಂದು ಯಾರೂ ಅತ್ತಿದ್ದಿಲ್ಲ, ಅವು ತಮ್ಮ ಕೆಲಸ ಮುಗಿಸಿಯೇ ಮಲಗಿದ್ದವು. ಅಲ್ಲಿನ ರಾತ್ರಿಯ ಚಳಿ ಸೊನ್ನೆಗಿಂತ ನೂರು ಡಿಗ್ರಿಗೂ ಕೆಳಗೆ ಇಳಿಯುವಂಥದ್ದು.

“ನಿನ್ನ ಲ್ಯಾಪ್‌ಟಾಪಿಗೆ ಆ ಚಳಿಯಿಲ್ಲ, ಹೆದರಬೇಡ” ಎಂದೆ. “ಆದರೆ ಒಂದು ತಿಳಿದುಕೋ. ವಿಕ್ರಮ್ ತಾನಾಗಿ ಮಲಗಲಿಲ್ಲ, ಮಲಗು ಎಂದು ಒಬ್ಬರು ಹೇಳಿದರು. ಇದಕ್ಕೂ ಯಾರೋ ಹೇಳುತ್ತಿದ್ದಾರೆ. ಯಾರು ಅಂತ ಹುಡುಕೋಣ. ಒಂದು ನೋಟ್‌ಬುಕ್ ಇಟ್ಟುಕೋ. ಪ್ರತಿ ಸಲ ಅದು ಮಲಗಿದಾಗ ಗಂಟೆ ಎಷ್ಟು, ಚಾರ್ಜರ್ ಹಾಕಿತ್ತೋ ಇಲ್ಲವೋ, ಎದುರಿಗೆ ಯಾರಿದ್ದರು, ಎಷ್ಟು ನಿಮಿಷಕ್ಕೆ ಮಲಗಿತು, ಇಷ್ಟು ಬರೆದಿಡು. ನಾನು ಶುಕ್ರವಾರ ಬರುತ್ತೇನೆ.”

ಕೆಟ್ಟಿದ್ದನ್ನು ಕಂಡ ಕೂಡಲೇ ಅಲ್ಲೊಂದು ಇಲ್ಲೊಂದು ಗುಂಡಿ ಒತ್ತುವವರೇ ಹೆಚ್ಚು. ನಾನೂ ಹಾಗೇ ಇದ್ದೆ, ಮೂವತ್ತು ವರ್ಷ ಮೇಷ್ಟ್ರಾಗಿದ್ದ ಮೇಲೂ. ಬರೆದಿಡುವುದನ್ನು ಕಲಿತದ್ದು ನಿವೃತ್ತಿಯಾದ ಮೇಲೆ, ಡಾಕ್ಟರು ಬಿ.ಪಿ. ಬರೆದಿಡಿ ಎಂದಾಗ.

ಶುಕ್ರವಾರ ಬೆಳಿಗ್ಗೆ ಬಸ್ಸು ಹತ್ತಿ ತಳಕು, ಹಾನಗಲ್ ದಾಟಿ ಮೊಳಕಾಲ್ಮುರಿನಲ್ಲಿ ಇಳಿದಾಗ ಬಿಸಿಲು ಏರಿತ್ತು. ಹುಡುಗಿ ಶಾಲೆಯಿಂದ ಬರುವುದನ್ನೇ ಕಾದು ನೋಟ್‌ಬುಕ್ ತೆರೆಸಿದೆ. ಚೆಂದವಾಗಿ ಗೆರೆ ಎಳೆದು ಬರೆದಿದ್ದಳು. ಹದಿನೇಳು ಸಲ ಮಲಗಿತ್ತು. ಅದರಲ್ಲಿ ಆರು ಸಲ ಕರೆಂಟು ಹೋದಾಗ, ಸುಮಾರು ಮೂರು ನಿಮಿಷಕ್ಕೆ. ಉಳಿದ ಹನ್ನೊಂದು ಸಲ ಚಾರ್ಜರ್ ಹಾಕಿಯೇ ಇತ್ತು, ಅಜ್ಜಿ ಕೂತಿದ್ದಳು, ನಿಮಿಷಕ್ಕೆ ಲೆಕ್ಕವೇ ಇಲ್ಲ. ಒಮ್ಮೆ ಏಳು ನಿಮಿಷ, ಒಮ್ಮೆ ಅರ್ಧ ನಿಮಿಷ.

ಇದನ್ನು ನೋಡಿದ ಕೂಡಲೇ ಒಂದು ವಿಷಯ ಖಾತ್ರಿಯಾಯಿತು. ಕಾಯಿಲೆ ಒಂದಲ್ಲ, ಎರಡು.

ಮೊದಲನೆಯದು ಸುಲಭ. ಲ್ಯಾಪ್‌ಟಾಪಿಗೆ ನಮ್ಮ ಹಾಗೆ ಕಣ್ಣಿನ ಅಂದಾಜು ಇಲ್ಲ. ಯಾರಾದರೂ ಕೀಲಿಮಣೆ ಮುಟ್ಟಿದರೋ, ಮೌಸ್ ಅಲ್ಲಾಡಿಸಿದರೋ ಎಂದು ಅದು ಕಾಯುತ್ತಿರುತ್ತದೆ. ಮುಟ್ಟದಿದ್ದರೆ ಒಳಗಿನ ಗಡಿಯಾರ ಎಣಿಸತೊಡಗುತ್ತದೆ. ನಿಗದಿಯಾದ ಹೊತ್ತು ಮುಗಿದರೆ, ಇಲ್ಲಿ ಯಾರೂ ಇಲ್ಲ ಎಂದುಕೊಂಡು ಮಲಗುತ್ತದೆ. ಸಿನಿಮಾ ತೋರಿಸುವಂಥ ಕೆಲವು ಪ್ರೋಗ್ರಾಮುಗಳು ‘ತಡಿ, ಮಲಗಬೇಡ’ ಎಂದು ಹೇಳುತ್ತವೆ, ಎಲ್ಲವೂ ಹೇಳುವುದಿಲ್ಲ. ಅಜ್ಜಿ ಹತ್ತು ನಿಮಿಷ ಕತೆ ಹೇಳಿದರೂ ಕೀಲಿಮಣೆಗೆ ಬೆರಳು ತಾಗದಿದ್ದರೆ ಅದರ ಲೆಕ್ಕದಲ್ಲಿ ಮನೆ ಖಾಲಿ.

ವಿಂಡೋಸ್ ಇರುವ ಲ್ಯಾಪ್‌ಟಾಪಿನಲ್ಲಿ ಈ ಹೊತ್ತನ್ನು ನಾವೇ ಗೊತ್ತು ಮಾಡಬಹುದು. ಸೆಟ್ಟಿಂಗ್ಸ್ ತೆರೆದು ಸಿಸ್ಟಮ್‌ಗೆ ಹೋಗಿ. ಅಲ್ಲಿ ‘ಪವರ್ ಅಂಡ್ ಬ್ಯಾಟರಿ’ ಎಂದೋ, ಹಳೆಯದಾದರೆ ‘ಪವರ್ ಅಂಡ್ ಸ್ಲೀಪ್’ ಎಂದೋ ಇರುತ್ತದೆ. ಅದರೊಳಗೆ ಪರದೆ ಆರುವುದಕ್ಕೆ ಒಂದು ಹೊತ್ತು, ಇಡೀ ಯಂತ್ರ ಮಲಗುವುದಕ್ಕೆ ಇನ್ನೊಂದು ಹೊತ್ತು. ಇವೆರಡೂ ಮತ್ತೆ ಎರಡೆರಡು ಸಲ ಇರುತ್ತವೆ, ಬ್ಯಾಟರಿಯಲ್ಲಿ ಇರುವಾಗ ಒಂದು, ಚಾರ್ಜರ್ ಹಾಕಿರುವಾಗ ಒಂದು. ಜನ ತಪ್ಪುವುದು ಇಲ್ಲೇ. ಒಂದನ್ನು ಬದಲಾಯಿಸಿ ಇನ್ನೊಂದನ್ನು ಮರೆಯುತ್ತಾರೆ. ಹುಡುಗಿ ಚಾರ್ಜರಿನದ್ದನ್ನು ಅರ್ಧ ಗಂಟೆಗೆ ಏರಿಸಿದ್ದಳು, ಬ್ಯಾಟರಿಯದು ಮೂರು ನಿಮಿಷದಲ್ಲೇ ಉಳಿದಿತ್ತು. ಕರೆಂಟು ಹೋದ ಕ್ಷಣವೇ ಮೂರು ನಿಮಿಷದ ಕಾನೂನು ಜಾರಿಗೆ ಬರುತ್ತಿತ್ತು.

“ಎಲ್ಲದಕ್ಕೂ ‘ನೆವರ್’ ಅಂತ ಹಾಕಿಬಿಡ್ಲಾ ತಾತ?” ಎಂದಳು. ಬೇಡ ಎಂದೆ. ಮಲಗಿದಾಗ ಲ್ಯಾಪ್‌ಟಾಪ್ ತಾನು ಮಾಡುತ್ತಿದ್ದ ಕೆಲಸವನ್ನು ನೆನಪಿನಲ್ಲಿ ಇಟ್ಟುಕೊಳ್ಳಲು ಬೇಕಾದ ಚೂರು ಕರೆಂಟನ್ನು ಮಾತ್ರ ಖರ್ಚು ಮಾಡುತ್ತದೆ. ಮಲಗಲೇ ಬೇಡ ಎಂದರೆ, ಮರೆತು ಹೋದ ದಿನ ಬ್ಯಾಟರಿ ಪೂರ್ತಿ ಬರಿದು. ಬ್ಯಾಟರಿಗೆ ಇಪ್ಪತ್ತು ನಿಮಿಷ, ಚಾರ್ಜರಿಗೆ ಒಂದು ಗಂಟೆ ಎಂದು ಇಟ್ಟೆವು.

ಆರು ಸಲದ ಕಾಯಿಲೆ ವಾಸಿಯಾಯಿತು. ಕಾಫಿ ಕುಡಿದೆವು. ಅಕ್ಕನನ್ನು ಕರೆದು ಕೂರಿಸಿ, ನವಿಲಿನ ಅಂಚಿನ ಒಂದು ಸೀರೆ ತೋರಿಸಿ, ರೆಕಾರ್ಡಿಂಗ್ ಒತ್ತಿದೆವು.

“ಇದು ನಾನೇ ನೇಯ್ದದ್ದು ಕಣೋ. ನೋಡು, ಇಲ್ಲಿ…” ಎಂದು ಅಕ್ಕ ಬಗ್ಗಿ ಕೈ ನೀಡಿದಳು. ಪರದೆ ಕಪ್ಪಾಯಿತು.

ಹುಡುಗಿ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

ಲ್ಯಾಪ್‌ಟಾಪಿನ ಒಳಗೊಂದು ದಿನಚರಿ ಇರುತ್ತದೆ, ಬಹಳ ಜನಕ್ಕೆ ಗೊತ್ತಿಲ್ಲ. ವಿಂಡೋಸ್‌ನಲ್ಲಿ ಅದರ ಹೆಸರು ಈವೆಂಟ್ ವ್ಯೂವರ್. ಸ್ಟಾರ್ಟ್ ಒತ್ತಿ ಈ ಹೆಸರನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ತೆರೆಯುತ್ತದೆ. ಅದರಲ್ಲಿ ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್. ಸಾಲು ಸಾಲು ಬರಹ, ಅಲ್ಲಲ್ಲಿ ಕೆಂಪು ಹಳದಿ ಗುರುತು. ನೋಡಿ ಗಾಬರಿಯಾಗಬೇಡಿ, ಎಲ್ಲರ ಲ್ಯಾಪ್‌ಟಾಪಿನಲ್ಲೂ ಹಾಗೇ ಇರುತ್ತದೆ. ನಾವು ಹುಡುಕಿದ್ದು ‘ಕರ್ನಲ್-ಪವರ್’ ಎಂಬ ಹೆಸರು ಮತ್ತು 42 ಎಂಬ ಸಂಖ್ಯೆ. ಮಲಗುವ ಮುನ್ನ ಯಂತ್ರ ಬರೆದಿಡುವ ಸಾಲು ಅದು, ಏಕೆ ಮಲಗಿದೆ ಎಂಬ ಕಾರಣದ ಸಮೇತ. ಕೆಲವು ಹೊಸ ಲ್ಯಾಪ್‌ಟಾಪುಗಳಲ್ಲಿ ಸಂಖ್ಯೆ ಬೇರೆ ಇರುತ್ತದೆ.

ಮೊಳಕಾಲ್ಮುರು ತಾಲ್ಲೂಕಿನ ಮಕ್ಕಳು ಶಾಲೆಯಿಂದ ಬ್ರಹ್ಮಗಿರಿಗೆ ಹೋಗಿ ಅಶೋಕನ ಶಾಸನ ನೋಡಿರುತ್ತಾರೆ. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಶಾಸನ. ಅದರ ಕೊನೆಯಲ್ಲಿ ಬರೆದವನ ಹೆಸರಿದೆ, ಚಪಡ ಎಂದು. ಲಿಪಿಕಾರ ಎಂಬ ಮಾತನ್ನು ಮಾತ್ರ ಅವನು ದೂರದ ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಆ ಒಂದು ಪದದಿಂದಲೇ ಅವನಿಗೆ ಆ ಸೀಮೆಯ ಒಡನಾಟವಿತ್ತು ಎಂದು ಇತಿಹಾಸ ತಿಳಿದವರು ಹೇಳುತ್ತಾರೆ. “ನಿನ್ನ ಲ್ಯಾಪ್‌ಟಾಪಿನಲ್ಲೂ ಒಬ್ಬ ಚಪಡ ಇದ್ದಾನೆ, ಏನು ಬರೆದಿದ್ದಾನೋ ಓದು” ಎಂದೆ.

ಕರೆಂಟು ಹೋದಾಗಿನ ಆರು ಸಾಲುಗಳಲ್ಲಿ ಕಾರಣ ‘ಸಿಸ್ಟಮ್ ಐಡಲ್’, ಅಂದರೆ ಯಾರೂ ಮುಟ್ಟಲಿಲ್ಲ. ಅಜ್ಜಿ ಕೂತಾಗಿನ ಸಾಲುಗಳಲ್ಲೆಲ್ಲ ‘ಬಟನ್ ಆರ್ ಲಿಡ್’. ಗುಂಡಿ ಒತ್ತಿದರು ಇಲ್ಲವೇ ಮುಚ್ಚಳ ಮುಚ್ಚಿದರು ಎಂದು ಅರ್ಥ.

“ಸುಳ್ಳು! ಯಾರೂ ಗುಂಡಿ ಒತ್ತಿಲ್ಲ, ಮುಚ್ಚಳ ಮುಚ್ಚಿಲ್ಲ” ಎಂದಳು ಹುಡುಗಿ.

“ಮುಚ್ಚಳ ಮುಚ್ಚಿದ್ದು ಅದಕ್ಕೆ ಹ್ಯಾಗೆ ಗೊತ್ತಾಗುತ್ತೆ?” ಎಂದು ಕೇಳಿದವಳು ಅಕ್ಕ.

ಆ ದಿನದ ಸರಿಯಾದ ಪ್ರಶ್ನೆ ಅದು. ಹಿಂದಿನ ಲ್ಯಾಪ್‌ಟಾಪುಗಳಲ್ಲಿ ಒಂದು ಪುಟ್ಟ ಮೊಳೆಯಂಥ ಗುಂಡಿ ಇರುತ್ತಿತ್ತು, ಮುಚ್ಚಿದರೆ ಅದು ಒತ್ತಿಕೊಳ್ಳುತ್ತಿತ್ತು. ಈಗ ಬಹುತೇಕ ಲ್ಯಾಪ್‌ಟಾಪುಗಳ ಪರದೆಯ ಅಂಚಿನೊಳಗೆ ಚೂರು ಆಯಸ್ಕಾಂತ, ಕೀಲಿಮಣೆಯ ಅಂಚಿನೊಳಗೆ ಅದನ್ನು ಗ್ರಹಿಸುವ ಒಂದು ಸೆನ್ಸರು. ಮುಚ್ಚಿದಾಗ ಆಯಸ್ಕಾಂತ ಸೆನ್ಸರಿನ ಹತ್ತಿರ ಬರುತ್ತದೆ, ಸೆನ್ಸರು ‘ಮುಚ್ಚಿದರು’ ಎಂದು ಸುದ್ದಿ ಕೊಡುತ್ತದೆ. ಇದರ ಹಿಂದಿರುವುದು 1879ರಲ್ಲಿ ಎಡ್ವಿನ್ ಹಾಲ್ ಎಂಬ ಅಮೆರಿಕದ ವಿದ್ಯಾರ್ಥಿ ಕಂಡುಕೊಂಡ ಸಂಗತಿ. ಅವನು ತೆಳ್ಳನೆಯ ಚಿನ್ನದ ರೇಕಿನಲ್ಲಿ ಕರೆಂಟು ಹರಿಸಿ ಅದನ್ನು ಬಲವಾದ ಆಯಸ್ಕಾಂತದ ನಡುವೆ ಇಟ್ಟ. ಹರಿವಿಗೆ ಅಡ್ಡಲಾಗಿ, ರೇಕಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ, ಇನ್ನೂ ಒಂದು ಸಣ್ಣ ವೋಲ್ಟೇಜು ಕಾಣಿಸಿತು. ಆಯಸ್ಕಾಂತ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಾಲ್ ಸೆನ್ಸರು ಎಂಬ ಹೆಸರು ಬಂದದ್ದು ಅವನಿಂದಲೇ.

ಇದನ್ನು ಅಕ್ಕನಿಗೆ ಹೇಗೆ ಹೇಳುವುದು ಎಂದು ನಾನು ತಡವರಿಸುತ್ತಿದ್ದರೆ ಅವಳೇ ಮಗ್ಗದ ಕಡೆ ಕೈ ತೋರಿಸಿದಳು. “ನಮ್ಮ ಜಕಾರ್ಡಿನ ಥರ ಅನ್ನು. ತೂತಿದ್ರೆ ಹೌದು, ಇಲ್ದಿದ್ರೆ ಇಲ್ಲ.”

ಅಕ್ಕ ಓದಿದ್ದು ನಾಲ್ಕನೇ ಕ್ಲಾಸು. ಆದರೆ ಮಾತು ನೂರಕ್ಕೆ ನೂರು ಸರಿ. ಮಗ್ಗದ ತಲೆಯ ಮೇಲೆ ಜಕಾರ್ಡ್ ಎಂಬ ಯಂತ್ರ ಕೂತಿರುತ್ತದೆ. ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡ್ 1804ರಲ್ಲಿ ರೂಪಿಸಿದ್ದು. ಅದಕ್ಕೆ ತೂತು ಕೊರೆದ ರಟ್ಟಿನ ಕಾರ್ಡುಗಳ ಮಾಲೆ. ತೂತಿದ್ದ ಕಡೆ ಕೊಕ್ಕೆ ಮೇಲೇಳುತ್ತದೆ, ಅದರ ಜೊತೆ ಹಾಸಿನ ಎಳೆಯೂ ಏಳುತ್ತದೆ. ತೂತಿಲ್ಲದ ಕಡೆ ಎಳೆ ಕೆಳಗೇ ಉಳಿಯುತ್ತದೆ. ಲಾಳಿ ನಡುವೆ ಓಡುತ್ತದೆ. ನವಿಲೂ ಬಳ್ಳಿಯೂ ಮೂಡುವುದು ಹೀಗೆ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಇಂಥ ಕಾರ್ಡುಗಳನ್ನೇ ಬಳಸಲು ಯೋಚಿಸಿದ್ದ, ಮುಂದೆ ಕಂಪ್ಯೂಟರುಗಳಿಗೂ ಬಹುಕಾಲ ತೂತಿನ ಕಾರ್ಡುಗಳಲ್ಲೇ ಕೆಲಸ ಹೇಳುತ್ತಿದ್ದರು. ನಡುಮನೆಯ ಮಗ್ಗಕ್ಕೂ ಮೇಜಿನ ಮೇಲಿದ್ದ ಲ್ಯಾಪ್‌ಟಾಪಿಗೂ ನೆಂಟಸ್ತನ ಇದೆ ಎಂದಾಯಿತು.

“ಒಂದ್ಸಲ ನವಿಲಿನ ಕೊಕ್ಕು ಮುರಿದು ಮುರಿದು ಬರ್ತಿತ್ತು. ನಿಮ್ಮ ಭಾವ ಮಗ್ಗಾನ ಬೈದಿದ್ದೇ ಬೈದಿದ್ದು. ನೋಡಿದ್ರೆ ಕಾರ್ಡಿನ ತೂತಿಗೆ ಕಸ ಕೂತಿತ್ತು. ಇಲ್ಲೂ ಏನೋ ಕೂತಿದೆ, ನೋಡ್ರಿ” ಎಂದಳು ಅಕ್ಕ.

ಹುಡುಗಿ ಓಡಿ ಹೋಗಿ ಒಂದು ಗುಂಡುಪಿನ್ನು ತಂದಳು. ಪರದೆಯ ಅಂಚಿನ ಉದ್ದಕ್ಕೂ ನಿಧಾನವಾಗಿ ಸರಿಸಿದಳು. ಎಡಗಡೆ ಒಂದು ಕಡೆ ಪಿನ್ನು ಪಟ್ಟನೆ ಅಂಟಿತು. “ತಾತ, ಆಯಸ್ಕಾಂತ ಇಲ್ಲಿದೆ! ಹಾಗಾದ್ರೆ ಸೆನ್ಸರು ಇದರ ಎದುರಿಗೆ, ಇಲ್ಲಿ ಕೆಳಗೆ.” ಕೀಲಿಮಣೆಯ ಎಡ ಅಂಚನ್ನು ಮುಟ್ಟಿ ತೋರಿಸಿದಳು. ಅಕ್ಕ ಸೀರೆಯ ಅಂಚು ತೋರಿಸಲು ಬಗ್ಗಿದಾಗೆಲ್ಲ ಎಡಗೈ ಊರುತ್ತಿದ್ದುದು ಸರಿಯಾಗಿ ಅಲ್ಲೇ.

“ನನ್ನ ಬಳೆಗೂ ಹಿಂಗೇ ಅಂಟ್ಕೊಳ್ಳುತ್ತೆ. ಹೊಲಿಯೋವಾಗ ಸೂಜಿ ಹುಡುಕೋ ಹಂಗೇ ಇಲ್ಲ” ಎಂದು ಅಕ್ಕ ಎಡಗೈ ಎತ್ತಿದಳು.

ಮಣಿಕಟ್ಟಿನಲ್ಲಿ ತಾಮ್ರದ ಬಣ್ಣದ ಒಂದು ದಪ್ಪ ಬಳೆ. ಜಾತ್ರೆಯಲ್ಲಿ ಕೊಂಡದ್ದು, ಎರಡೂ ತುದಿಗೆ ಆಯಸ್ಕಾಂತದ ಗುಂಡು. ಕೀಲುನೋವಿಗೆ ಒಳ್ಳೆಯದು ಎಂದು ಮಾರುತ್ತಾರಲ್ಲ, ಅದೇ. ಹುಡುಗಿ ಅಜ್ಜಿಯ ಕೈಯಿಂದ ಬಳೆ ಬಿಚ್ಚಿ, ಕೀಲಿಮಣೆಯ ಎಡ ಅಂಚಿನ ಮೇಲೆ ಇಟ್ಟಳು. ಪರದೆ ಕಪ್ಪು. ತೆಗೆದು ಎಬ್ಬಿಸಿದಳು. ಬೆಳಕು. ಇಟ್ಟಳು, ಕಪ್ಪು. ಹತ್ತು ಸಲ ಮಾಡಿದಳು, ನಾನು ಸಾಕು ಎನ್ನಲಿಲ್ಲ. ಬಳೆ ಸೆನ್ಸರಿನ ಹತ್ತಿರ ಬಂದರೆ ಲ್ಯಾಪ್‌ಟಾಪಿಗೆ ಮುಚ್ಚಳ ಮುಚ್ಚಿದ ಹಾಗೆ. ಕೈ ಒಮ್ಮೆ ಹತ್ತಿರ, ಒಮ್ಮೆ ದೂರ ಇರುತ್ತಿದ್ದುದರಿಂದಲೇ ನೋಟ್‌ಬುಕ್ಕಿನಲ್ಲಿ ನಿಮಿಷಕ್ಕೆ ಲೆಕ್ಕ ಸಿಕ್ಕಿರಲಿಲ್ಲ.

ನಿಮ್ಮ ಮನೆಯಲ್ಲಿ ಇಂಥ ಬಳೆ ಇಲ್ಲದೇ ಇರಬಹುದು. ಆದರೆ ಆಯಸ್ಕಾಂತದಿಂದ ಮುಚ್ಚಿಕೊಳ್ಳುವ ಮೊಬೈಲ್ ಕವರು ಇರಬಹುದು, ಕೈಗಡಿಯಾರದ ಪಟ್ಟಿ ಇರಬಹುದು. ತೆರೆದ ಲ್ಯಾಪ್‌ಟಾಪನ್ನು ಇನ್ನೊಂದು ಲ್ಯಾಪ್‌ಟಾಪಿನ ಮೇಲೆ ಇಟ್ಟರೂ ಕೆಲವೊಮ್ಮೆ ಹೀಗಾಗುತ್ತದೆ. ಇವು ಯಾವುವೂ ಹತ್ತಿರ ಇಲ್ಲದೆಯೂ ಮುಚ್ಚಳದ ಕಾರಣವೇ ಬರೆದಿದ್ದರೆ ಸೆನ್ಸರು ಕೆಟ್ಟಿರಬಹುದು, ರಿಪೇರಿಯವರಿಗೆ ತೋರಿಸಿ. ಕಂಟ್ರೋಲ್ ಪ್ಯಾನೆಲಿನಲ್ಲಿ ‘ಮುಚ್ಚಳ ಮುಚ್ಚಿದರೆ ಏನೂ ಮಾಡಬೇಡ’ ಎಂದೂ ಹೇಳಿಡಬಹುದು, ಆದರೆ ಆಮೇಲೆ ಹಾಗೇ ಮುಚ್ಚಿ ಬ್ಯಾಗಿಗೆ ಹಾಕಿದರೆ ಒಳಗೇ ಕಾದು ಬಿಸಿಯಾಗುತ್ತದೆ. ಬ್ಯಾಟರಿ ಹಳತಾಗಿ ಚಾರ್ಜು ಒಮ್ಮೆಗೇ ಕುಸಿಯುವುದರಿಂದಲೂ ನಿದ್ದೆ ಬರುವುದುಂಟು, ಅದು ಬೇರೆ ಕತೆ.

ಅಜ್ಜ ಅಜ್ಜಿಯರಿಗೆ ಒಂದು ಮಾತು. ಈ ಬಳೆಯಿಂದ ನೋವು ಹೋಗುತ್ತದೆ ಎನ್ನಲು ಗಟ್ಟಿ ಪುರಾವೆ ಸಿಕ್ಕಿಲ್ಲ. ಹಾಕಿಕೊಳ್ಳುವುದು ಬಿಡುವುದು ನಿಮ್ಮ ಇಷ್ಟ. ಆದರೆ ಎದೆಯಲ್ಲಿ ಪೇಸ್‌ಮೇಕರ್ ಇರುವವರು ಆಯಸ್ಕಾಂತದ ಯಾವ ವಸ್ತುವನ್ನೂ ಅದರ ಹತ್ತಿರ ತರಬಾರದು. ಅದರೊಳಗೂ ಆಯಸ್ಕಾಂತವನ್ನು ಗ್ರಹಿಸುವ ಸೆನ್ಸರು ಇರುತ್ತದೆ.

ಶನಿವಾರ ಇಡೀ ದಿನ ಅಕ್ಕ ಮಾತಾಡಿದಳು. ಬಳೆಯನ್ನು ಬಿಚ್ಚಿ ಎಲ್ಲಿಡಲಿ ಎಂದು ಅತ್ತಿತ್ತ ನೋಡಿ, ಮಗ್ಗದ ಕಂಬದಲ್ಲಿದ್ದ ದೊಡ್ಡ ಬೋಲ್ಟಿಗೆ ತಗುಲಿಸಿದಳು. ಅದು ಅಲ್ಲೇ ಕಚ್ಚಿಕೊಂಡಿತು. ಎರಡೂ ಅಂಚಿಗೆ ಬೇರೆ ಬಣ್ಣ ಬರಬೇಕಾದರೆ ಮೂರು ಲಾಳಿ ಹೇಗೆ ಆಡಿಸಬೇಕು, ಎಳೆ ಕಿತ್ತರೆ ಗಂಟು ಕಾಣದ ಹಾಗೆ ಹೇಗೆ ಸೇರಿಸಬೇಕು, ಮಳೆಗಾಲದಲ್ಲಿ ರೇಷ್ಮೆ ಹೇಗೆ ಬಿಗಿಯುತ್ತದೆ, ಎಲ್ಲವನ್ನೂ ಹೇಳಿದಳು. ಭಾವ ಮದುವೆಗೆ ಮೊದಲು ತನಗಾಗಿ ಕದ್ದು ನೇಯ್ದ ಸೀರೆಯ ಕತೆಯನ್ನೂ ಹೇಳಿದಳು, ಅದು ನನಗೂ ಹೊಸದು. ನಡುವೆ ಎರಡು ಸಲ ಕರೆಂಟು ಹೋಯಿತು. ಲ್ಯಾಪ್‌ಟಾಪ್ ಕಣ್ಣು ಮುಚ್ಚಲಿಲ್ಲ. ಒಟ್ಟು ನಾಲ್ಕು ಗಂಟೆ ಹತ್ತು ನಿಮಿಷದ ದನಿ. ಹುಡುಗಿ ಅದನ್ನು ಎರಡು ಪೆನ್‌ಡ್ರೈವಿಗೆ ಹಾಕಿ ಒಂದನ್ನು ನನ್ನ ಜೇಬಿಗೆ ತುರುಕಿದಳು.

ಸೋಮವಾರ ಸಂಜೆ ಚಳ್ಳಕೆರೆಗೆ ಅವಳ ಫೋನು ಬಂತು. ಮಗ್ಗ ಬಿಚ್ಚಿಕೊಂಡು ಹೋದರಂತೆ. ಅಜ್ಜಿ ಬಾಗಿಲವರೆಗೂ ಬಂದು ನೋಡಿದಳಂತೆ, ಅಳಲಿಲ್ಲವಂತೆ.

“ಆದ್ರೆ ತಾತ, ಅಜ್ಜಿ ಬಳೆ ಕಾಣ್ತಿಲ್ಲ. ಬೋಲ್ಟಿಗೆ ಅಂಟ್ಕೊಂಡೇ ಮಗ್ಗದ ಜೊತೆ ಹೋಗಿದೆ.”

ಕೊಂಡವರ ನಂಬರು ಕೊಡು, ತರಿಸೋಣ ಎಂದೆ. ಹಿಂದಿನಿಂದ ಅಕ್ಕನ ದನಿ ಕೇಳಿಸಿತು.

“ಹೋಗ್ಲಿ ಬಿಡು ಅನ್ನೇ. ಮಗ್ಗಕ್ಕೂ ವಯಸ್ಸಾಗಿದೆ, ಅದಕ್ಕೂ ಕೀಲು ನೋಯ್ತಿರುತ್ತೆ.”